ಸೇವೆ ಮಾಡೋ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡಿ, ಆದ್ರೆ ಗಂಟೆ ಎಣಿಸ್ಬೇಡಿ

ಮಾರ್ಚ್ ಏಪ್ರಿಲ್ ಬಂತು ಅಂದ್ರೆ ಅಮೆರಿಕದಲ್ಲಿ ಹನ್ನೆರಡನೇ ಕ್ಲಾಸಿನ ಮಕ್ಕಳಿರೋ ಮನೆಗಳಲ್ಲಿ ಹೊಸದೊಂದು ಗಡಿಬಿಡಿ ಶುರು. ಕಾಲೇಜ್ ಅಪ್ಲಿಕೇಶನ್ ಎಲ್ಲಾ ಮುಗಿದಿರತ್ತೆ, ಒಂದೊಂದೇ ರಿಸಲ್ಟ್ ಬರ್ತಾ ಇರತ್ತೆ, ಅಷ್ಟರಲ್ಲಿ ಸ್ಕೂಲ್ ಕೌನ್ಸೆಲರ್ ಲೋಕಲ್ ಸ್ಕಾಲರ್‌ಶಿಪ್‌ಗಳ ಲಿಸ್ಟ್ ಕಳಿಸ್ತಾರೆ. ರೋಟರಿಯವರದ್ದೊಂದು, ಲಯನ್ಸ್‌ನವರದ್ದೊಂದು, ಊರಿನ ಕಮ್ಯುನಿಟಿ ಫೌಂಡೇಶನ್‌ದು, ಕ್ರೆಡಿಟ್ ಯೂನಿಯನ್‌ದು, ತೀರಿಕೊಂಡ ಯಾವ್ದೋ ಟೀಚರ್ ಹೆಸರಲ್ಲಿ ಅವರ ಮನೆಯವರು ಇಟ್ಟಿರೋದು. ಮೊತ್ತ ಏನು ಮಹಾ ಇರಲ್ಲ, 500 ಡಾಲರ್, 1000 ಡಾಲರ್, ಅಪರೂಪಕ್ಕೆ 2000ದ ಮೇಲೆ. ಬಹಳಷ್ಟು ಫಾರಮ್ಮುಗಳಲ್ಲಿ ಒಂದು ಸಾಲು ಮಾತ್ರ ಇದ್ದೇ ಇರತ್ತೆ, ಸಮುದಾಯ ಸೇವೆ ಏನು ಮಾಡಿದ್ದೀರಿ, ಎಲ್ಲಿ, ಎಷ್ಟು ಗಂಟೆ, ಯಾರ ಸಹಿ.

ಈ ಗಂಟೆ ಅನ್ನೋದಿದ್ಯಲ್ಲ, ಅದು ಇಲ್ಲಿರೋ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ಮಕ್ಕಳು ಒಂಬತ್ತನೇ ಕ್ಲಾಸಿಗೆ ಬಂದ ಕೂಡ್ಲೇ ಶುರುವಾಗೋ ಮಾತು. "ಸಮ್ಮರ್‌ನಲ್ಲಿ ವಾಲಂಟಿಯರ್ ಅವರ್ಸ್ ಸಿಗೋ ಕಡೆ ಯಾವ್ದಾದ್ರೂ ಗೊತ್ತಾ?" ಅಂತ ಒಬ್ರು, "ಅಲ್ಲಿ ಎರಡು ಗಂಟೆ ಹೋದ್ರೆ ಮೂರು ಅಂತ ಬರ್ಕೊಡ್ತಾರಂತೆ, ಹೌದಾ?" ಅಂತ ಇನ್ನೊಬ್ರು. ಯಾರಿಗೆ ಸಹಾಯ, ಏನು ಸಹಾಯ ಅನ್ನೋ ಪ್ರಶ್ನೆ ಅಲ್ಲಿ ಬರೋದೇ ಇಲ್ಲ. ನಮ್ಮ ಕನ್ನಡ ಕೂಟಗಳಲ್ಲೂ ಈಗ ಆಗಾಗ ಈ ಮಾತು ಬರತ್ತೆ, ನಮ್ಮ ಮಕ್ಕಳಿಗೂ ಇಂಥದ್ದೊಂದು ಸ್ಕಾಲರ್‌ಶಿಪ್ ಇಡೋಣ, ಕನ್ನಡ ಕಲಿ ಕ್ಲಾಸಿಗೆ ಬಂದು ಸಣ್ಣ ಮಕ್ಕಳಿಗೆ ಹೇಳಿಕೊಡೋ ಹೈಸ್ಕೂಲ್ ಮಕ್ಕಳನ್ನ ಗುರುತಿಸೋಣ ಅಂತ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಖಂಡಿತ ಇಡಿ, ಆದ್ರೆ ಆ ಗಂಟೆ ಕಾಲಂ ಕಿತ್ತಾಕಿ. ಊರಿನ ಸಣ್ಣ ಸ್ಕಾಲರ್‌ಶಿಪ್‌ಗೆ ಇರೋದು ಒಂದೇ ಒಂದು ದೊಡ್ಡ ಅನುಕೂಲ, ಕೊಡೋರಿಗೆ ಮಕ್ಕಳು ಗೊತ್ತಿರ್ತಾರೆ, ಗೊತ್ತಿಲ್ದಿದ್ರೆ ಒಂದು ಫೋನ್ ಮಾಡಿ ತಿಳ್ಕೋಬಹುದು. ಅದನ್ನ ಬಿಟ್ಟು ನಾವೂ ಅಂಕಿ ಎಣಿಸೋಕೆ ಕೂತ್ರೆ ಲೋಕಲ್ ಅನ್ನೋದಕ್ಕೆ ಅರ್ಥ ಏನು.

ದೊಡ್ಡ ಸ್ಕಾಲರ್‌ಶಿಪ್‌ಗಳ ಕಷ್ಟ ಬೇರೆ. ಕೋಕಾ ಕೋಲಾದವರು ವರ್ಷಕ್ಕೆ 150 ಮಕ್ಕಳಿಗೆ ತಲಾ 20,000 ಡಾಲರ್ ಕೊಡ್ತಾರೆ, ಅದಕ್ಕೆ ಇಡೀ ದೇಶದಿಂದ ಅರ್ಜಿ ಬರತ್ತೆ, ಅಲ್ಲಿ ಅಂಕಿ ಇಲ್ದೆ ಜರಡಿ ಹಿಡಿಯೋಕಾಗಲ್ಲ. ಒಂದು ಊರಿನ ರೋಟರಿ ಕ್ಲಬ್ಬಿಗೆ ಬರೋ ಒಂದು ಕಟ್ಟು ಅರ್ಜಿಗೆ ಆ ಜರಡಿ ಯಾಕೆ ಬೇಕು ಹೇಳಿ.

ಈ ಊರಿನ ಸ್ಕಾಲರ್‌ಶಿಪ್ ಅನ್ನೋ ಐಡಿಯಾನೇ ತೀರಾ ಸರಳವಾಗಿ ಹರಡಿದ್ದು. ಮ್ಯಾಸಚುಸೆಟ್ಸ್‌ನ ಫಾಲ್ ರಿವರ್ ಅಂತ ಬಟ್ಟೆ ಗಿರಣಿಗಳ ಊರು, ಗಿರಣಿಗಳು ಮುಚ್ಚಿ ಕೆಲಸ ಇಲ್ದೆ ಕೂತಿದ್ದ ಕಾಲ. ಅಲ್ಲಿ ಇರ್ವಿಂಗ್ ಫ್ರಾಡ್ಕಿನ್ ಅಂತ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡೋ ಡಾಕ್ಟ್ರು. ಸ್ಕೂಲ್ ಕಮಿಟಿ ಎಲೆಕ್ಷನ್‌ಗೆ ನಿಂತು ಸೋತಿದ್ರು, ಸೋತ ಮೇಲೂ ಸುಮ್ನಿರ್ದೆ 1958ರಲ್ಲಿ ಊರೋರನ್ನ ಕೇಳಿದ್ರು, ತಲಾ ಒಂದೊಂದು ಡಾಲರ್ ಹಾಕಿ, ನಮ್ಮೂರ ಮಕ್ಕಳನ್ನ ನಾವೇ ಕಾಲೇಜಿಗೆ ಕಳಿಸೋಣ ಅಂತ. ಡಾಲರ್ಸ್ ಫಾರ್ ಸ್ಕಾಲರ್ಸ್ ಅಂತ ಊರೂರಿಗೂ ಹರಡಿದ್ದು ಅದೇ, ಈಗಿನ ಸ್ಕಾಲರ್‌ಶಿಪ್ ಅಮೆರಿಕ ಸಂಸ್ಥೆಯ ಬುಡವೂ ಅದೇ. ಇಲ್ಲಿ ನನಗೆ ಮುಖ್ಯ ಅನ್ಸೋದು ಇದು: ಕೊಡೋರೂ ಊರೋರೇ, ತಗೊಳ್ಳೋರೂ ಊರೋರೇ. ಹುಡುಗನ ಅಪ್ಪ ಯಾವ ಗಿರಣೀಲಿ ಕೆಲಸ ಕಳ್ಕೊಂಡ್ರು ಅನ್ನೋದಕ್ಕೆ ಸರ್ಟಿಫಿಕೇಟ್ ತರೋ ಅಗತ್ಯ ಇರ್ಲಿಲ್ಲ.

ಇದಕ್ಕೆ ಸೇವೆ ಅನ್ನೋದನ್ನ ಸರ್ಕಾರದ ಮಟ್ಟದಲ್ಲಿ ಜೋಡಿಸಿದ್ದು 1990ರ ದಶಕದಲ್ಲಿ. ಕ್ಲಿಂಟನ್ 1996ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯ ಪದವಿ ಪ್ರದಾನ ಸಮಾರಂಭದಲ್ಲಿ ಒಂದು ಮಾತು ಹೇಳಿದ್ರು, ಸೇವೆ ಮಾಡಿದ ಹೈಸ್ಕೂಲ್ ವಿದ್ಯಾರ್ಥಿಗೆ ಅಂತ ಊರೋರು 500 ಡಾಲರ್ ಒಟ್ಟು ಮಾಡಿದ್ರೆ ಕೇಂದ್ರ ಸರ್ಕಾರ ಇನ್ನೊಂದು 500 ಸೇರಿಸತ್ತೆ. ಈ ಸ್ಕೀಮ್ ಕೆಲವು ವರ್ಷ ನಡೆದು ನಿಂತೂ ಹೋಯ್ತು, ಆದ್ರೆ ಸೇವೆ ಮಾಡಿದ್ರೆ 1000 ಡಾಲರ್ ಅನ್ನೋ ಅಂದಾಜು ಎಷ್ಟೋ ಊರುಗಳಲ್ಲಿ ಇವತ್ತಿಗೂ ಹಾಗೇ ಇದೆ. ಸುಮಾರು ಅದೇ ಹೊತ್ತಿಗೆ ಮೇರಿಲ್ಯಾಂಡ್ ರಾಜ್ಯ ಇನ್ನೊಂದು ಹೆಜ್ಜೆ ಮುಂದೆ ಹೋಗಿ 75 ಗಂಟೆ ಸೇವೆ ಮಾಡದೆ ಹೈಸ್ಕೂಲ್ ಡಿಪ್ಲೊಮಾನೇ ಇಲ್ಲ ಅಂದುಬಿಡ್ತು, 1992ರಲ್ಲಿ ನಿಯಮ ಆಗಿದ್ದು, 1997ರಲ್ಲಿ ಪಾಸಾದ ಬ್ಯಾಚಿಂದ ಜಾರಿ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಅನ್ನೋ ಊರಲ್ಲಿ ಸ್ಕೂಲ್‌ನವರು 60 ಗಂಟೆ ಕಡ್ಡಾಯ ಮಾಡಿದ್ದಕ್ಕೆ ಪೇರೆಂಟ್ಸ್ ಕೋರ್ಟಿಗೇ ಹೋದ್ರು, ಜೀತ ಪದ್ಧತಿ ನಿಷೇಧ ಮಾಡಿರೋ ಸಂವಿಧಾನದ ಹದಿಮೂರನೇ ತಿದ್ದುಪಡಿ ಪ್ರಕಾರ ಇದು ತಪ್ಪು ಅಂತ ಅವರ ವಾದ! 1993ರಲ್ಲಿ ಅಪೀಲ್ ಕೋರ್ಟ್ ಅದನ್ನ ಒಪ್ಲಿಲ್ಲ.

ಆಮೇಲೆ 2003ರಲ್ಲಿ ಬುಷ್ ಕಾಲದಲ್ಲಿ ಪ್ರೆಸಿಡೆಂಟ್ಸ್ ವಾಲಂಟಿಯರ್ ಸರ್ವಿಸ್ ಅವಾರ್ಡ್ ಬಂತು. ಭಾರತೀಯರ ಮನೇಲಿ ಇದರ ಹೆಸರು ಕೇಳದೆ ಇರೋರು ಕಮ್ಮಿ. ಹನ್ನೊಂದರಿಂದ ಹದಿನೈದು ವರ್ಷದ ಮಕ್ಕಳು ವರ್ಷಕ್ಕೆ 50 ಗಂಟೆ ಮಾಡಿದ್ರೆ ಕಂಚು, 75ಕ್ಕೆ ಬೆಳ್ಳಿ, 100ಕ್ಕೆ ಚಿನ್ನ ಅಂತ ಇತ್ತು. 16ರಿಂದ 25 ವರ್ಷದೋರಿಗೆ 100, 175, 250. ಮೆಡಲ್ಲು, ಪ್ರೆಸಿಡೆಂಟ್ ಸಹಿ ಇರೋ ಕಾಗದ, ಅದರ ಫೋಟೋ ಫ್ಯಾಮಿಲಿ ಗ್ರೂಪಿಗೆ, ಅಲ್ಲಿಂದ ಮೈಸೂರಿನ ಅಜ್ಜಿಗೆ. 2025ರಲ್ಲಿ ಈ ಕಾರ್ಯಕ್ರಮವನ್ನ ತಾತ್ಕಾಲಿಕವಾಗಿ ನಿಲ್ಲಿಸ್ತೀವಿ ಅಂದಾಗ ಎಷ್ಟೋ ಪೇರೆಂಟ್ಸ್‌ಗೆ ಬಂದ ಮೊದಲ ಪ್ರಶ್ನೆ, "ಹಾಗಾದ್ರೆ ಇಷ್ಟು ದಿನ ಕೂಡಿಟ್ಟ ಗಂಟೆ ಏನಾಗತ್ತೆ?" ಬ್ಯಾಂಕ್ ಮುಳುಗಿದಾಗ ಡೆಪಾಸಿಟ್ ಇಟ್ಟೋರು ಕೇಳೋ ಥರಾನೇ. ತಪ್ಪು ಪೇರೆಂಟ್ಸ್‌ದಲ್ಲ, ಗಂಟೆಗೆ ಬೆಲೆ ಕಟ್ಟಿದ ಮೇಲೆ ಜನ ಅದನ್ನ ಕೂಡಿಡ್ತಾರೆ ಅಷ್ಟೇ.

ಇನ್ನು ಬಹುಮಾನ ಕೊಟ್ರೆ ಸೇವೆ ಮನೋಭಾವ ಕೆಡತ್ತಾ ಅನ್ನೋ ಹಳೇ ಪ್ರಶ್ನೆ. ಇದಕ್ಕೆ ಹೌದು ಅಂತಾನೋ ಇಲ್ಲ ಅಂತಾನೋ ಒಂದೇ ಮಾತಲ್ಲಿ ಹೇಳೋರನ್ನ ನಂಬಬೇಡಿ. ಇಸ್ರೇಲ್‌ನಲ್ಲಿ ಹೈಸ್ಕೂಲ್ ಮಕ್ಕಳು ಮನೆಮನೆಗೆ ಹೋಗಿ ಚಂದಾ ಎತ್ತೋ ದಿನ ಅಂತ ಇದೆ, ಅಲ್ಲಿ ಯೂರಿ ಗ್ನೀಜಿ, ಆಲ್ಡೊ ರುಸ್ಟಿಚಿನಿ ಅಂತ ಇಬ್ಬರು ಎಕನಾಮಿಸ್ಟ್‌ಗಳು 180 ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದ್ರು. ಮೊದಲನೇ ಗುಂಪಿಗೆ ಬರೀ ಒಳ್ಳೆ ಮಾತು ಹೇಳಿ ಕಳಿಸಿದ್ರು, ಎರಡನೇ ಗುಂಪಿಗೆ ಎತ್ತಿದ ದುಡ್ಡಿನ ನೂರಕ್ಕೆ 1ರಷ್ಟು ಕೊಡ್ತೀವಿ ಅಂದ್ರು, ಮೂರನೇದಕ್ಕೆ ನೂರಕ್ಕೆ 10. ಕಮಿಷನ್ನು ಚಂದಾ ದುಡ್ಡಿಂದಲ್ಲ, ರಿಸರ್ಚ್‌ನವರ ಜೇಬಿಂದ. ಮಕ್ಕಳು ಇಬ್ಬಿಬ್ಬರಾಗಿ ಹೋಗಿದ್ರು, ಏನೂ ಸಿಗದೆ ಹೋದೋರು ಜೋಡಿಗೆ ಸರಾಸರಿ 239 ಶೆಕೆಲ್ (ಇಸ್ರೇಲಿನ ದುಡ್ಡು) ತಂದ್ರು, 10 ಪರ್ಸೆಂಟ್‌ನೋರು 219, 1 ಪರ್ಸೆಂಟ್‌ನೋರು ಬರೀ 154. ಅಂದ್ರೆ ಚಿಲ್ಲರೆ ಆಸೆ ತೋರಿಸಿದ್ರೆ ಏನೂ ತೋರಿಸದೆ ಇರೋದಕ್ಕಿಂತ ಕಡೆ. ನಮ್ಮ 500 ಡಾಲರಿನ ಸ್ಕಾಲರ್‌ಶಿಪ್‌ಗಳಿಗೆ ಇದು ಯೋಚ್ನೆ ಮಾಡಬೇಕಾದ ವಿಷಯ ಅಲ್ವಾ.

ಆದ್ರೆ ಇದಕ್ಕಿಂತ ಹಳೇದೊಂದು ಪ್ರಯೋಗ ನನಗೆ ಹೆಚ್ಚು ಉಪಯೋಗಕ್ಕೆ ಬಂತು. 1973ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಲೆಪ್ಪರ್ ಮತ್ತವರ ಜೊತೆಯವರು ನರ್ಸರಿ ಮಕ್ಕಳ ಮೇಲೆ ಮಾಡಿದ್ದು, ಬಣ್ಣದ ಪೆನ್ನಲ್ಲಿ ಚಿತ್ರ ಬಿಡಿಸೋದು ಇಷ್ಟ ಇರೋ ಮಕ್ಕಳು. ಬಿಡಿಸಿದ್ರೆ ರಿಬ್ಬನ್ ಹಚ್ಚಿದ ಸರ್ಟಿಫಿಕೇಟ್ ಕೊಡ್ತೀವಿ ಅಂತ ಮೊದಲೇ ಹೇಳಿ ಕೊಟ್ಟ ಮಕ್ಕಳು ಆಮೇಲೆ ತಾವಾಗೇ ಚಿತ್ರ ಬಿಡಿಸೋ ಹೊತ್ತು ಬೇರೆಯವರ ಅರ್ಧಕ್ಕೆ ಇಳೀತು. ಏನೂ ಹೇಳ್ದೆ, ಬಿಡಿಸಿ ಮುಗಿಸಿದ ಮೇಲೆ ತಗೋ ಪುಟ್ಟಾ ಅಂತ ಅದೇ ಸರ್ಟಿಫಿಕೇಟ್ ಕೊಟ್ಟ ಮಕ್ಕಳಿಗೆ ಏನೂ ಆಗ್ಲಿಲ್ಲ, ಆಸಕ್ತಿ ಹಾಗೇ ಇತ್ತು. ಬಹುಮಾನ ಕೊಟ್ಟಿದ್ದಲ್ಲ ತೊಂದ್ರೆ, ಮೊದಲೇ ಕರಾರು ಮಾಡಿದ್ದು. ಇಷ್ಟು ಗಂಟೆ ಮಾಡಿದ್ರೆ ಇಂಥದ್ದಕ್ಕೆ ಅರ್ಹ ಅಂತ ಫಾರಮ್ಮಲ್ಲಿ ಅಚ್ಚು ಹಾಕೋದು ಅದೇ ಕರಾರು ತಾನೆ? ಹುಡುಗಿ ನಾಲ್ಕು ವರ್ಷ ಏನೋ ಮಾಡ್ಕೊಂಡು ಬಂದಿರ್ತಾಳೆ, ಅದನ್ನ ನೋಡಿದೋರು ಯಾರೋ ಹೆಸರು ಸೂಚಿಸಿ, ಒಂದಿನ ಅವಳಿಗೆ ಫೋನ್ ಹೋಗತ್ತೆ, ನಿನಗೆ ಕೊಡ್ತಾ ಇದ್ದೀವಿ ಅಂತ. ಹೀಗಾದ್ರೆ ಕರಾರೂ ಇಲ್ಲ, ಗಂಟೆ ಕೂಡಿಡೋ ಪ್ರಮೇಯವೂ ಇಲ್ಲ.

ಕೆನಡಾದ ಒಂಟಾರಿಯೋದಲ್ಲಿ 1999ರಿಂದ 40 ಗಂಟೆ ಕಡ್ಡಾಯ. ಅಲ್ಲಿ 2003ರಲ್ಲಿ ಹದಿಮೂರನೇ ಕ್ಲಾಸ್ ತೆಗೆದು ಎರಡು ಬ್ಯಾಚ್ ಒಟ್ಟಿಗೆ ಹೊರಗೆ ಬಂದ್ವು, ಒಂದಕ್ಕೆ ಕಡ್ಡಾಯ ಇತ್ತು, ಇನ್ನೊಂದಕ್ಕೆ ಇರ್ಲಿಲ್ಲ, ಹಾಗಾಗಿ ಹೋಲಿಸಿ ನೋಡೋಕೆ ತಾನಾಗೇ ಅವಕಾಶ ಸಿಕ್ತು. ಆಮೇಲಿನ ಮನೋಭಾವದಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ, ಕೆಡಲೂ ಇಲ್ಲ, ಉದ್ಧಾರವೂ ಆಗ್ಲಿಲ್ಲ. ಲೆಕ್ಕಕ್ಕೆ ಬಂದಿದ್ದು ಒಂದೇ ಕಡೆ ಬಹಳ ಕಾಲ ನಿಂತಿದ್ದು, ಅಲ್ಲಿ ಒಳ್ಳೆ ಅನುಭವ ಆಗಿದ್ದು.

ಒಂದೇ ಕಡೆ ನಿಲ್ಲೋದು ಅಂದ್ರೇನು ಅಂತ ನಾನು ನೋಡಿದ್ದು ಹೇಳ್ತೀನಿ. ಫುಡ್ ಬ್ಯಾಂಕ್‌ಗೆ ಶನಿವಾರ ಹೋದ್ರೆ ಗುಂಪು ಗುಂಪಾಗಿ ಹೈಸ್ಕೂಲ್ ಮಕ್ಕಳು ಬಂದಿರ್ತಾರೆ, ಉದ್ದನೆ ಟೇಬಲ್ ಮೇಲೆ ದಾನ ಬಂದ ಡಬ್ಬಿಗಳ ರಾಶಿ, ಬೀನ್ಸು, ಟೊಮ್ಯಾಟೊ, ಸೂಪು. ಹೆಚ್ಚಿನ ಮಕ್ಕಳು ಡೇಟ್ ನೋಡ್ತಾರೆ, ಕ್ರೇಟಿಗೆ ಹಾಕ್ತಾರೆ, ಮಧ್ಯೆ ಮಧ್ಯೆ ಗಡಿಯಾರ ನೋಡ್ತಾರೆ. ಒಬ್ಬ ಹುಡುಗ ಮಾತ್ರ ಪ್ರತಿ ಡಬ್ಬೀನೂ ತಿರುಗಿಸಿ ಅಂಚಿನ ಮೇಲೆ ಹೆಬ್ಬೆರಳು ಓಡಿಸ್ತಿದ್ದ. ಏನಪ್ಪಾ ಅದು ಅಂತ ಕೇಳ್ದೆ. "ಅಂಕಲ್, ಡಬ್ಬಿ ಮೈ ಸ್ವಲ್ಪ ನೆಗ್ಗಿದ್ರೆ ಪರವಾಗಿಲ್ಲ, ಜೋಡಿಸಿರೋ ಅಂಚು ನೆಗ್ಗಿದ್ರೆ ಒಳಗೆ ಗಾಳಿ ಹೋಗಿರತ್ತೆ, ಕೊಡಬಾರ್ದು, ಉಬ್ಬಿದ್ರಂತೂ ಮುಟ್ಟೋದೇ ಬೇಡ" ಅಂದ. ಅವನು ಒಂದು ಗಂಟೇಲಿ ಪಕ್ಕದವರಿಗಿಂತ ಕಮ್ಮಿ ಡಬ್ಬಿ ಮುಗಿಸ್ತಿದ್ದ. ಶೀಟಲ್ಲಿ ಇಬ್ಬರಿಗೂ ಬೀಳೋದು ಅದೇ ಮೂರು ಗಂಟೆ, ಅದೇ ಸಹಿ. ಇವನ ಕೆಲಸ ಏನು ಅಂತ ಗೊತ್ತಿರೋದು ಅಲ್ಲಿನ ಶಿಫ್ಟ್ ನೋಡ್ಕೊಳ್ಳೋ ಹೆಂಗಸಿಗೆ, ಫಾರಂ ಮಾತ್ರ ಅವರನ್ನ ಸಹಿ ಬಿಟ್ಟು ಬೇರೇನೂ ಕೇಳಲ್ಲ.

ಕನ್ನಡ ಕಲಿ ಕ್ಲಾಸಲ್ಲೂ ಇದೇ. ಭಾನುವಾರ ಬೆಳಿಗ್ಗೆ ಐದಾರು ವರ್ಷದ ಮಕ್ಕಳಿಗೆ ಳ ಮತ್ತೆ ಲ ಬೇರೆ ಬೇರೆ ಅಂತ ನಾಲಿಗೆ ತಿರುಗಿಸಿ ತೋರಿಸ್ತಾ ಕೂರೋ ಹುಡುಗಿ ಒಬ್ಬಳಿದ್ರೆ, ಹಾಜರಿ ಹಾಕಿ ಮೂಲೇಲಿ ಫೋನ್ ನೋಡೋ ಹುಡುಗ ಇನ್ನೊಬ್ಬ. ಇಬ್ಬರಿಗೂ ಒಂದೇ ಗಂಟೆ. ಟೀಚರಿಗೆ ಗೊತ್ತು, ಪೇರೆಂಟ್ಸಿಗೆ ಗೊತ್ತು, ಆ ಪುಟ್ಟ ಮಕ್ಕಳಿಗಂತೂ ಚೆನ್ನಾಗೇ ಗೊತ್ತು.

ಗಂಟೆ ಲೆಕ್ಕದ ಇನ್ನೊಂದು ಅನ್ಯಾಯ, ಯಾರಿಗೆ ಪುರುಸೊತ್ತಿದ್ಯೋ ಅವರೇ ಗೆಲ್ತಾರೆ. ಲೆಕ್ಕ ಹಾಕಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 16 ಡಾಲರ್ 50 ಸೆಂಟ್. ಹುಡುಗನೊಬ್ಬ ಅಂಗಡೀಲಿ 100 ಗಂಟೆ ಕೆಲಸ ಮಾಡಿದ್ರೆ ಟ್ಯಾಕ್ಸ್ ಕಳೆಯೋ ಮುಂಚೆ 1650 ಡಾಲರ್ ಗ್ಯಾರಂಟಿ, ಅದೇ 100 ಗಂಟೆ ಸೇವೆ ಮಾಡಿದ್ರೆ 1000 ಡಾಲರ್ ಬಂದ್ರೂ ಬಂತು, ಬರದಿದ್ರೂ ಇಲ್ಲ. ಮನೇಲಿ ಬಾಡಿಗೆ ಕಟ್ಟೋಕೆ ಕಷ್ಟ ಇರೋ ಹುಡುಗ ಏನು ಆರಿಸ್ಕೊಳ್ತಾನೆ? ಅಪ್ಪ ಅಮ್ಮ ಇಬ್ಬರೂ ಶಿಫ್ಟ್ ಕೆಲಸಕ್ಕೆ ಹೋಗಿ ಮನೇಲಿ ತಮ್ಮ ತಂಗೀರನ್ನ ನೋಡ್ಕೊಳ್ಳೋ ಹುಡುಗಿಗೆ ಸಹಿ ಹಾಕಿಕೊಡೋರು ಯಾರು? ಕಾಲೇಜ್ ಅಪ್ಲಿಕೇಶನ್‌ನೋರಿಗೇ ಇದು ಅರ್ಥ ಆಗಿದೆ, ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕೋ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆ ಬರೆಯೋಕೆ ಜಾಗ ಇದ್ಯಲ್ಲ, ಅದರಲ್ಲಿ ಸಂಬಳದ ಕೆಲಸ, ಮನೆ ಜವಾಬ್ದಾರಿ ಎರಡನ್ನೂ ಹಾಕಬಹುದು. ಊರಿನ ಸ್ಕಾಲರ್‌ಶಿಪ್ ಫಾರಂ ಮಾತ್ರ ಬಹಳ ಕಡೆ ಇನ್ನೂ "ಸಂಬಳ ತಗೊಂಡ ಕೆಲಸ ಸೇರಿಸಬೇಡಿ" ಅಂತಾನೇ ಹೇಳತ್ತೆ. ಕಾರಿರೋ, ಬಿಟ್ಟು ಕರ್ಕೊಂಡು ಬರೋಕೆ ಅಮ್ಮ ಇರೋ ಮನೆ ಮಗುಗೆ 250 ಗಂಟೆ ಕಷ್ಟ ಅಲ್ಲ, ನಮ್ಮಲ್ಲಿ ಬಹಳಷ್ಟು ಜನ ಅದೇ ಕೆಟಗರಿ, ಬೇಜಾರು ಮಾಡ್ಕೋಬೇಡಿ.

ದುಡ್ಡಿನ ವಿಷಯಕ್ಕೆ ಬಂದ್ರೆ, 1000 ಡಾಲರಿಗೆ ಕಾಲೇಜ್ ಫೀಸ್ ಮುಂದೆ ಏನು ಬೆಲೆ? ಎಸ್‌ಎಟಿ ಪರೀಕ್ಷೆ ನಡೆಸೋ ಕಾಲೇಜ್ ಬೋರ್ಡ್‌ನವರ ಲೆಕ್ಕದಲ್ಲಿ 2024–25ರಲ್ಲಿ ಸ್ವಂತ ರಾಜ್ಯದ ಸರ್ಕಾರಿ ಯೂನಿವರ್ಸಿಟೀಲಿ ವರ್ಷದ ಫೀಸ್ ಸರಾಸರಿ 11,610 ಡಾಲರ್, ಹಾಸ್ಟೆಲ್ಲು ಊಟ ಬೇರೆ. ಬಡ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡೋ ಪೆಲ್ ಗ್ರಾಂಟ್ ಆ ವರ್ಷ ಜಾಸ್ತಿ ಅಂದ್ರೆ 7,395. ಇದರ ಮೇಲೆ ಸಾವಿರ ಬಂದ್ರೆ ಖುಷೀನೇ, ಆದ್ರೆ ಬಹಳ ಜನಕ್ಕೆ ಗೊತ್ತಿಲ್ದೆ ಇರೋ ಒಂದು ಕೊಕ್ಕೆ ಇದೆ. ಹೊರಗಿಂದ ಬಂದ ಸ್ಕಾಲರ್‌ಶಿಪ್‌ನ ಕಾಲೇಜಿಗೆ ಹೇಳಲೇಬೇಕು, ಹೇಳಿದ ಮೇಲೆ ಕೆಲವು ಕಾಲೇಜಿನೋರು ಓಹೋ ನಿಮಗೆ ಅಲ್ಲಿಂದ 1000 ಬಂತಾ, ಹಾಗಾದ್ರೆ ನಾವು ಕೊಡೋದ್ರಲ್ಲಿ 1000 ಕಮ್ಮಿ ಅಂತಾರೆ. ಹುಡುಗಿಗೆ ಉಳಿದಿದ್ದು ಸೊನ್ನೆ, ರೋಟರಿಯವರ ದುಡ್ಡು ಉಳಿಸಿದ್ದು ಕಾಲೇಜಿನ ಖಜಾನೆ. ಕಾಲೇಜು ಕೊಡೋ ಸಹಾಯದಲ್ಲಿ ಸಾಲ, ಕ್ಯಾಂಪಸ್ ಕೆಲಸ, ವಾಪಸ್ ಕೊಡಬೇಕಿಲ್ಲದ ಗ್ರಾಂಟ್ ಎಲ್ಲ ಸೇರಿರಬಹುದು. ಸಾಲವನ್ನೋ ಕ್ಯಾಂಪಸ್ ಕೆಲಸವನ್ನೋ ಮೊದಲು ಕಮ್ಮಿ ಮಾಡಿದ್ರೆ ಹುಡುಗಿಗೆ ಲಾಭ, ಗ್ರಾಂಟ್ ಕಡಿದ್ರೆ ಏನೂ ಇಲ್ಲ. ಇದನ್ನ ತಡೆಯೋಕೆ ಮೊದಲು ಕಾನೂನು ಮಾಡಿದ್ದು ಮೇರಿಲ್ಯಾಂಡ್, 2017ರಲ್ಲಿ, ಸರ್ಕಾರಿ ಕಾಲೇಜುಗಳಿಗೆ. ಆಮೇಲೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಅಂತ ಕೆಲವು ರಾಜ್ಯಗಳು ಸೇರಿದ್ವು. ಕ್ಯಾಲಿಫೋರ್ನಿಯಾದ್ದು 2023–24ರಿಂದ ಜಾರಿ, ಅದೂ ಪೆಲ್ ಗ್ರಾಂಟ್ ಮಟ್ಟದ ಕಡಿಮೆ ಆದಾಯದ ಮಕ್ಕಳಿಗೆ. ಹಾಗಾಗಿ ಸ್ಕಾಲರ್‌ಶಿಪ್ ಸಿಕ್ಕ ಮಕ್ಕಳು ಕಾಲೇಜಿನ ಫೈನಾನ್ಶಿಯಲ್ ಏಡ್ ಆಫೀಸಿಗೆ ಕೇಳಬೇಕಾದ ಮೊದಲ ಪ್ರಶ್ನೆ, ಇದು ಬಂದ್ರೆ ನೀವು ಏನನ್ನ ಕಡಿಮೆ ಮಾಡ್ತೀರಿ ಅಂತ.

ಊರ ಕಡೆ ಓದಿದೋರಿಗೆ ಇದೆಲ್ಲ ಕೇಳ್ತಾ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ನೆನಪಾಗಿರತ್ತೆ. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ಕ್ಕೆ 37 ಯೂನಿವರ್ಸಿಟಿಗಳಲ್ಲಿ ಶುರುವಾಗಿದ್ದು, ಅಲ್ಲೂ ಗಂಟೆ ಲೆಕ್ಕ ಇದೆ, ವರ್ಷಕ್ಕೆ 120ರಂತೆ ಎರಡು ವರ್ಷಕ್ಕೆ 240, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಆ 240ರಲ್ಲಿ ಏನು ಮಾಡಿದ್ವಿ ಅಂತ ಕೇಳಿದ್ರೆ ಹೆಚ್ಚಿನೋರಿಗೆ ನೆನಪಿರಲ್ಲ, ಶಿಬಿರ ಮಾತ್ರ ಯಾರೂ ಮರೆಯಲ್ಲ, ಯಾವುದೋ ಹಳ್ಳಿ ಸ್ಕೂಲಲ್ಲಿ ಮಲಗಿದ್ದು, ಬೆಳಿಗ್ಗೆ ಚರಂಡಿ ತೋಡಿದ್ದು, ಉಪ್ಪಿಟ್ಟು ತಳ ಹಿಡಿದಿದ್ದು, ರಾತ್ರಿ ಊರೋರ ಮುಂದೆ ನಾಟಕ ಆಡಿದ್ದು. ಒಂದು ಜಾಗದಲ್ಲಿ ಒಂದು ವಾರ ಜನರ ಜೊತೆ ಇದ್ವಲ್ಲ, ಅದಕ್ಕೇ ನೆನಪು. ಕರ್ನಾಟಕದ ಸಿಇಟಿಯಲ್ಲಿ ಎನ್‌ಸಿಸಿ, ಸ್ಕೌಟ್ಸ್ ಅಂಡ್ ಗೈಡ್ಸ್ ಮಕ್ಕಳಿಗೆ ವಿಶೇಷ ಕೋಟಾ ಇದೆ, ಅಲ್ಲೂ ಸೀಟಿಗೋಸ್ಕರ ಸೇರೋರು ಇದ್ದಾರೆ, ಸೇರಿ ಆಮೇಲೆ ಅದರಲ್ಲೇ ಮುಳುಗಿದೋರೂ ಇದ್ದಾರೆ. ಯಾವ ಕಾರಣಕ್ಕೆ ಬಂದ ಅನ್ನೋದನ್ನ ಅಷ್ಟು ತಲೆಕೆಡಿಸ್ಕೋಬೇಕಾಗಿಲ್ಲ, ಬಂದ ಮೇಲೆ ಉಳಿದನಾ ಅನ್ನೋದು ನೋಡಿದ್ರೆ ಸಾಕು.

ಹಾಗಾದ್ರೆ ಕೂಟದ ಸ್ಕಾಲರ್‌ಶಿಪ್ ಹೇಗಿರ್ಬೇಕು? ನನ್ನ ಕೇಳಿದ್ರೆ ಮಕ್ಕಳು ಅರ್ಜಿ ಹಾಕೋದೇ ಬೇಡ. ಸೇವೆ ಪಡೆದೋರು ಹೆಸರು ಕೊಡ್ಲಿ, ಕ್ಲಾಸಿನ ಟೀಚರ್, ಲೈಬ್ರರಿಯೋರು, ವೃದ್ಧಾಶ್ರಮದಲ್ಲಿರೋ ಅಜ್ಜ, ಪಕ್ಕದ ಮನೆಯೋರು ಯಾರಾದ್ರೂ. ಅರ್ಧ ಪುಟ ಸಾಕು, ಈ ಹುಡುಗಿ ಇಲ್ದಿದ್ರೆ ಇಲ್ಲಿ ಏನು ಆಗ್ತಿರ್ಲಿಲ್ಲ ಅಂತ ಒಂದೇ ಪ್ರಶ್ನೆಗೆ ಉತ್ತರ. ಕಮಿಟಿಯೋರು ಫೋನ್ ಮಾಡಿ ಮಾತಾಡ್ಲಿ. ಮಕ್ಕಳ ಕೈಲಿ ಪ್ರಬಂಧ ಬರೆಸಿದ್ರೆ ಏನಾಗತ್ತೆ ಅಂದ್ರೆ "ನಾನು ಕೊಟ್ಟಿದ್ದಕ್ಕಿಂತ ಪಡೆದದ್ದೇ ಹೆಚ್ಚು" ಅಂತ ಎಲ್ಲರೂ ಬರೀತಾರೆ, ಈಗಂತೂ ಎಐ ಇನ್ನೂ ಚೆನ್ನಾಗಿ ಬರ್ಕೊಡತ್ತೆ.

ಇದರಲ್ಲೂ ತೊಂದ್ರೆ ಇದೆ, ಇಲ್ಲ ಅನ್ನಲ್ಲ. ಹೆಸರು ಸೂಚಿಸೋದು ಅಂದ್ರೆ ಪರಿಚಯ ಇದ್ದೋರಿಗೇ ಸಿಗತ್ತೆ, ಹೋದ ವರ್ಷ ಬಂದ ಹೊಸ ಕುಟುಂಬದ ಮಗುನ ಯಾರೂ ನೋಡಿರಲ್ಲ, ಮೇಲಿಂದ "ಪ್ರೆಸಿಡೆಂಟ್ ಮಗಳಿಗೇ ಬಂತಂತೆ" ಅನ್ನೋ ಗುಸುಗುಸು ನಮ್ಮ ಕೂಟಗಳಲ್ಲಿ ಬಹುಮಾನಕ್ಕಿಂತ ಮುಂಚೆ ಮನೆ ತಲುಪತ್ತೆ. ಅದಕ್ಕೆ ಕಮಿಟಿಯೋರ ಮಕ್ಕಳು, ಅಣ್ಣತಮ್ಮಂದಿರ ಮಕ್ಕಳು ಆ ವರ್ಷ ಲೆಕ್ಕಕ್ಕಿಲ್ಲ ಅಂತ ಮೊದಲೇ ಬರೆದಿಡಿ, ಆರಿಸೋರಲ್ಲಿ ಅರ್ಧ ಜನ ಕೂಟದ ಹೊರಗಿನೋರಿರ್ಲಿ, ಲೋಕಲ್ ಸ್ಕೂಲಿನ ಕೌನ್ಸೆಲರ್ ಒಬ್ರು ಇದ್ರೆ ಇನ್ನೂ ಒಳ್ಳೇದು, ಅಂಗಡೀಲಿ ದುಡಿಯೋ ಹುಡುಗ, ಮನೆ ನಡೆಸೋ ಹುಡುಗಿ ಯಾರು ಅಂತ ಅವರಿಗೆ ಗೊತ್ತಿರತ್ತೆ. ಸಂಬಳದ ಕೆಲಸ, ಮನೆ ಕೆಲಸ ಸೇವೆಗೆ ಸಮ ಅಂತಾನೂ ಬರೆದಿಡಿ.

ಇನ್ನೊಂದು, ಕೈಲಿರೋದು 2000 ಡಾಲರ್ ಅಂದ್ಕೊಳ್ಳಿ, ಅದನ್ನ ಎಂಟು ಜನಕ್ಕೆ 250ರಂತೆ ಹಂಚಿ ಸ್ಟೇಜ್ ತುಂಬಿಸೋ ಆಸೆ ಬರತ್ತೆ, ಎಲ್ಲರ ಅಪ್ಪ ಅಮ್ಮಂದಿರೂ ಖುಷಿಯಾಗ್ಲಿ ಅಂತ. ಬೇಡ, ಇಬ್ಬರಿಗೇ ಕೊಡಿ. ಚೆಕ್ ಸೆಪ್ಟೆಂಬರ್‌ನಲ್ಲಿ ಕಾಲೇಜಿಗೆ ಸೇರಿದ ಮೇಲೆ ಕೊಡಿ, ಕೊಡೋಕೆ ಮುಂಚೆ ಅವರ ಕಾಲೇಜು ಗ್ರಾಂಟ್ ಕಡಿಯತ್ತಾ ಅಂತ ಒಂದ್ಸಲ ಕೇಳಿ ನೋಡಿ. ಕಡಿಯತ್ತೆ ಅಂದ್ರೆ ಮೊತ್ತ ಎರಡು ವರ್ಷಕ್ಕೆ ಹಂಚಿದ್ರೆ ಉಳಿಯತ್ತಾ, ಸಾಲದ ಭಾಗ ಮೊದಲು ಇಳಿಸ್ತೀರಾ ಅಂತ ಏಡ್ ಆಫೀಸಿನೋರ ಜೊತೆ ಮಾತಾಡಬಹುದು, ಕೆಲವರು ಒಪ್ತಾರೆ. ಫೀಸು, ಕಡ್ಡಾಯ ಪುಸ್ತಕಕ್ಕೆ ಬಳಸಿದ ದುಡ್ಡಿಗೆ ಟ್ಯಾಕ್ಸ್ ಇಲ್ಲ, ಹಾಸ್ಟೆಲ್ಲು ಊಟಕ್ಕೆ ಹೋದ್ರೆ ಅದು ಆದಾಯ ಅಂತ ಲೆಕ್ಕ, ಇದನ್ನೂ ಚೆಕ್ಕಿನ ಜೊತೆ ಒಂದು ಚೀಟೀಲಿ ಬರೆದು ಕೊಟ್ರೆ ಮಕ್ಕಳಿಗೆ ಉಪಕಾರ.